ಹೊಲದಾಗ ನಿಂತರೂ ಮೊಬೈಲ್ ‘ಹೊರಗಿದ್ದೀರಿ’ ಅಂದರೆ: ಮಾಕ್ ಲೊಕೇಶನ್ ಆ್ಯಪ್ ಬಳಸಬಹುದೇ?

ಪ್ರಶ್ನೆ: ನಾನು ವಿಜಯಪುರದಲ್ಲಿ ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಊರು ಇಂಡಿ ತಾಲ್ಲೂಕಿನ ಒಂದು ಹಳ್ಳಿ. ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾವು ಗೆಳೆಯರು ಸೇರಿ ಸ್ಮಾರಕಗಳ ಆಡಿಯೊ ಗೈಡ್ ಆ್ಯಪ್ ಮಾಡುತ್ತಿದ್ದೇವೆ. ಗೋಳಗುಮ್ಮಟದ ಹತ್ತಿರ ಹೋದರೆ ಅದರ ವಿವರಣೆ ತಾನಾಗಿ ಶುರುವಾಗಬೇಕು. ಪ್ರತಿ ಸಲ ಅಲ್ಲಿಗೇ ಹೋಗಿ ನೋಡಲು ಆಗದ್ದರಿಂದ ಫೋನಿಗೆ ಮಾಕ್ ಲೊಕೇಶನ್ ಆ್ಯಪ್, ಅಂದರೆ ಫೋನು ಬೇರೆ ಜಾಗದಲ್ಲಿದೆ ಎಂದು ತೋರಿಸುವ ಆ್ಯಪ್, ಹಾಕಿಕೊಂಡೆ. ಒಮ್ಮೆ ಸರಿಯಾಗಿ ನಡೆಯುತ್ತದೆ, ಇನ್ನೊಮ್ಮೆ ಇಲ್ಲ. ಬ್ಯಾಂಕಿನ ಆ್ಯಪ್ ತೆರೆಯುವುದೇ ನಿಂತಿದೆ. ಇದರ ಜೊತೆಗೆ ಇನ್ನೊಂದು ತೊಂದರೆ: ನಮ್ಮ ತೊಗರಿ ಹೊಲದಲ್ಲಿ ಅಪ್ಪ ಬೆಳೆ ಸಮೀಕ್ಷೆ ಆ್ಯಪ್ ತೆರೆದರೆ ‘ನೀವು ಸರ್ವೆ ನಂಬರಿನ ಗಡಿಯ ಹೊರಗಿದ್ದೀರಿ’ ಎಂದು ಬರುತ್ತದೆ. ಅವರು ನಿಂತಿದ್ದದ್ದು ನಮ್ಮ ಹೊಲದಲ್ಲೇ. ಪಕ್ಕದ ಹೊಲದವರು, ‘ನಿನ್ನ ಹತ್ರ ಲೊಕೇಶನ್ ಬದಲಿ ಮಾಡೋ ಆ್ಯಪ್ ಐತೆಲ್ಲ, ಚುಕ್ಕಿ ಅಷ್ಟ ಒಳಗ ಸರಿಸು, ಫೋಟೊ ಅಂತೂ ನಿಮ್ಮ ಹೊಲದ್ದೇ ಇರ್ತದ’ ಅನ್ನುತ್ತಾರೆ. ಹಾಗೆ ಮಾಡಬಹುದೇ? ಮಾಡಿದರೆ ಗೊತ್ತಾಗುತ್ತದೆಯೇ?

ಉತ್ತರ: ಹೊಲದ ವಿಷಯವನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಪ್ರಾಜೆಕ್ಟ್ ನಾಲ್ಕು ದಿನ ತಡವಾದರೆ ನಡೆದೀತು, ಸಮೀಕ್ಷೆಯ ಅವಧಿ ಮುಗಿದರೆ ಆ ಹಂಗಾಮಿನ ದಾಖಲೆಯೇ ಕೈ ತಪ್ಪುತ್ತದೆ. ಚುಕ್ಕಿ ಸರಿಸಬೇಡಿ. ನಿಮ್ಮ ನೆರೆಯವರ ಮಾತಿನಲ್ಲಿ ಕೆಟ್ಟ ಉದ್ದೇಶ ಇಲ್ಲ, ಅದು ನನಗೆ ಅರ್ಥವಾಗುತ್ತದೆ. ಬೆಳೆ ನಿಜ, ಹೊಲ ನಿಜ, ಫೋಟೊ ನಿಜ. ಹಾಗಿದ್ದ ಮೇಲೆ ನಕಾಶೆಯ ಮೇಲಿನ ಒಂದು ಚುಕ್ಕಿಯಿಂದ ಏನಾಗುತ್ತದೆ ಅನ್ನಿಸುವುದು ಸಹಜ. ಆದರೆ ಅಪ್ಪನ ಕೈಯಲ್ಲಿರುವ ಈ ಪೂರಾ ನಿಜವಾದ ಸಾಕ್ಷಿಯೊಳಗೆ ಒಂದು ಸುಳ್ಳು ಅಂಕಿ ಸೇರಿಸಿದರೆ, ನಾಳೆ ತಕರಾರು ಬಂದಾಗ ಸಂಶಯ ಆ ಅಂಕಿಯೊಂದರ ಮೇಲೇ ನಿಲ್ಲುವುದಿಲ್ಲ, ಫೋಟೊ ಮತ್ತು ಬೆಳೆಯ ಮೇಲೂ ಬೀಳುತ್ತದೆ. ಇದಕ್ಕೆ ಆಮೇಲೆ ಮತ್ತೆ ಬರುತ್ತೇನೆ. ಅದಕ್ಕೂ ಮುಂಚೆ, ಹೊಲದಲ್ಲಿ ನಿಂತವರನ್ನು ಫೋನು ಹೊರಗೆ ಯಾಕೆ ಹಾಕುತ್ತದೆ ಎಂದು ನೋಡೋಣ. ಹೆಚ್ಚಿನ ಸಲ ಪರಿಹಾರ ಅಲ್ಲೇ ಸಿಗುತ್ತದೆ.

ಜಿಪಿಎಸ್ ಉಪಗ್ರಹಗಳು ನಮ್ಮಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿರುತ್ತವೆ. ಪ್ರತಿ ಉಪಗ್ರಹದ ಸಂಕೇತ ಹೊರಟ ಸಮಯ ಮತ್ತು ತಲುಪಿದ ಸಮಯದ ಅಂತರದಿಂದ ಫೋನು ದೂರವನ್ನು ಲೆಕ್ಕ ಹಾಕುತ್ತದೆ. ಜಾಗ ಗೊತ್ತಾಗಲು ಕನಿಷ್ಠ ನಾಲ್ಕು ಉಪಗ್ರಹ ಬೇಕು. ಸಂಕೇತ ಬೆಳಕಿನ ವೇಗದಲ್ಲಿ ಬರುವುದರಿಂದ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ ದೂರದಲ್ಲಿ 300 ಮೀಟರ್ ವ್ಯತ್ಯಾಸ ಬರುತ್ತದೆ. ಇಷ್ಟು ಸೂಕ್ಷ್ಮ ಲೆಕ್ಕ ಮಾಡಿಯೂ ತೆರೆದ ಆಕಾಶದ ಕೆಳಗೆ ಸಾಮಾನ್ಯ ಸ್ಮಾರ್ಟ್‌ಫೋನು ಸುಮಾರು 5 ಮೀಟರ್ ಒಳಗೆ ಜಾಗ ಹೇಳುತ್ತದೆ. ಪಂಪ್‌ಸೆಟ್ಟಿನ ತಗಡಿನ ಶೆಡ್ಡಿನ ಕೆಳಗೆ, ದಟ್ಟ ಲಿಂಬೆ ತೋಟದೊಳಗೆ, ಎತ್ತರದ ಕಬ್ಬಿನ ನಡುವೆ ಈ ತಪ್ಪು ಹೆಚ್ಚುತ್ತದೆ. ಮೋಡಕ್ಕೂ ಇದಕ್ಕೂ ಸಂಬಂಧವಿಲ್ಲ. ಮಳೆಗಾಲದಲ್ಲಿ ಜಿಪಿಎಸ್ ಬರುವುದಿಲ್ಲ ಎಂದು ನಮ್ಮ ಕಡೆ ಬಹಳ ಜನ ನಂಬಿದ್ದಾರೆ, ಆದರೆ ಈ ಸಂಕೇತ ಮೋಡವನ್ನು ದಾಟಿ ಬರುತ್ತದೆ.

ಇನ್ನು ಹೊಲದ ಅಳತೆಗೆ ಬನ್ನಿ. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ಹತ್ತಿರ ಹತ್ತಿರ 10 ಮೀಟರ್ ಚೌಕ. ಅಣ್ಣತಮ್ಮಂದಿರ ಪಾಲಾಗಿ ಉದ್ದುದ್ದಕ್ಕೆ ಸೀಳಿದ ಎರಡು ಎಕರೆ ಪಟ್ಟಿ ಎಂದುಕೊಳ್ಳಿ, 80 ಗುಂಟೆ. ಅದು 400 ಮೀಟರ್ ಉದ್ದ ಇದ್ದರೆ ಅಗಲ 20 ಮೀಟರ್ ಅಷ್ಟೇ. ಬದುವಿನ ಹತ್ತಿರ ಬೇವಿನ ಗಿಡದ ನೆರಳಿಗೆ ನಿಂತು ಆ್ಯಪ್ ತೆರೆದರೆ ಐದಾರು ಮೀಟರ್ ತಪ್ಪೇ ನಿಮ್ಮನ್ನು ದೊಡ್ಡಪ್ಪನ ಹೊಲಕ್ಕೆ ಹಾಕಲು ಸಾಕು. ನಕಾಶೆಯಲ್ಲಿ ಚುಕ್ಕಿಯ ಸುತ್ತ ಕಾಣುವ ನೀಲಿ ವೃತ್ತದ ಅರ್ಥವನ್ನೂ ತಿಳಿದುಕೊಳ್ಳಿ. ಆಂಡ್ರಾಯ್ಡ್ ಲೆಕ್ಕದಲ್ಲಿ ಆ ವೃತ್ತದೊಳಗೆ ನೀವು ಇರುವ ಸಾಧ್ಯತೆ ಶೇ 68 ಮಾತ್ರ. ಅಂದರೆ ಮೂರರಲ್ಲಿ ಒಂದು ಸಲ ನೀವು ನಿಜವಾಗಿ ನಿಂತ ಜಾಗ ವೃತ್ತದ ಹೊರಗೇ ಇರಬಹುದು.

ಆದ್ದರಿಂದ ಅಪ್ಪನಿಗೆ ಹೀಗೆ ಹೇಳಿ: ಗಿಡದ ನೆರಳು ಬಿಟ್ಟು, ಪಟ್ಟಿಯ ಅಗಲದ ಸರಿ ನಡುವೆ ನಿಲ್ಲಬೇಕು. ಬ್ಯಾಟರಿ ಸೇವರ್ ಆಫ್ ಇರಲಿ. ಸೆಟ್ಟಿಂಗ್ಸ್‌ನಲ್ಲಿ ಬೆಳೆ ಸಮೀಕ್ಷೆ ಆ್ಯಪ್‌ನ ಲೊಕೇಶನ್ ಅನುಮತಿ ತೆರೆದು ‘ನಿಖರ ಲೊಕೇಶನ್’ ಆನ್ ಇದೆಯೇ ನೋಡಬೇಕು. ಇದನ್ನು ನಾನು ಒತ್ತಿ ಹೇಳುತ್ತೇನೆ. 2021ರ ಆಂಡ್ರಾಯ್ಡ್ 12ರಿಂದ ಆ್ಯಪ್ ಅನುಮತಿ ಕೇಳುವಾಗ ‘ನಿಖರ’, ‘ಅಂದಾಜು’ ಎಂಬ ಎರಡು ಚಿತ್ರ ತೋರಿಸುತ್ತದೆ. ಅವಸರದಲ್ಲಿ ‘ಅಂದಾಜು’ ಒತ್ತಿಬಿಟ್ಟರೆ ಫೋನು ಆ ಆ್ಯಪ್‌ಗೆ ಸುಮಾರು 3 ಚದರ ಕಿ.ಮೀ. ವ್ಯಾಪ್ತಿಯ ಒಂದು ಅಂದಾಜು ಜಾಗವನ್ನಷ್ಟೇ ಕೊಡುತ್ತದೆ. ಅಂಥ ಫೋನು ಹಿಡಿದು ಹೊಲದಲ್ಲಿ ಎಲ್ಲಿ ನಿಂತರೂ ‘ಹೊರಗಿದ್ದೀರಿ’ ಎಂದೇ ಬರುತ್ತದೆ. ಹೊಲದಲ್ಲಿ ಸಿಗ್ನಲ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ, ಸ್ವಲ್ಪ ತಡವಾಗುತ್ತದೆ. ಉಪಗ್ರಹದ ಕಕ್ಷೆಯ ಮಾಹಿತಿ ಸೆಕೆಂಡಿಗೆ 50 ಬಿಟ್ ವೇಗದಲ್ಲಿ ಬರುತ್ತದೆ; ಅದನ್ನು ಇಂಟರ್ನೆಟ್ಟಿನಿಂದ ಪಡೆಯಲಾಗದ ಫೋನು ಆಕಾಶದಿಂದಲೇ ಪೂರ್ತಿ ಓದಲು ಅರ್ಧ ನಿಮಿಷವಾದರೂ ಬೇಕು. ಆ ತನಕ ಅದು ಟವರಿನ ಅಂದಾಜು ತೋರಿಸುತ್ತಿರುತ್ತದೆ. ನಮ್ಮ ಹಳ್ಳಿಗಳಲ್ಲಿ ಟವರುಗಳು ದೂರ ದೂರ ಇರುವುದರಿಂದ ಆ ಅಂದಾಜು ನೂರಾರು ಮೀಟರ್ ತಪ್ಪಿರಬಹುದು. ಆ್ಯಪ್ ತೆರೆದ ಕೂಡಲೇ ಗುಂಡಿ ಒತ್ತದೆ, ಎರಡು ಮೂರು ನಿಮಿಷ ಬಯಲಿನಲ್ಲಿ ಫೋನು ಹಿಡಿದು ನಿಂತು ವೃತ್ತ ಕುಗ್ಗುವವರೆಗೆ ಕಾಯಿರಿ.

ಇಷ್ಟು ಮಾಡಿಯೂ ಹೊರಗೇ ತೋರಿಸಿದರೆ? ಆಗ ತಪ್ಪು ನಿಮ್ಮ ಫೋನಿನದೋ ನಕಾಶೆಯದೋ ಎಂದು ಬೇರ್ಪಡಿಸಬೇಕು. ಇದಕ್ಕೆ ದಿಶಾಂಕ್ ಆ್ಯಪ್ ಒಳ್ಳೆಯ ಸಾಧನ. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ತಯಾರಿಸಿದ ಈ ಆ್ಯಪ್ ನೀವು ನಿಂತ ಜಾಗ ಯಾವ ಸರ್ವೆ ನಂಬರಿನಲ್ಲಿ ಬರುತ್ತದೆ ಎಂದು ತೋರಿಸುತ್ತದೆ. ಹೊಲದ ನಡುವೆ ನಿಂತು ಅದನ್ನು ತೆರೆಯಿರಿ. ಚುಕ್ಕಿ ಒಂದೆಡೆ ನಿಲ್ಲದೆ ಅತ್ತಿತ್ತ ಹಾರುತ್ತಿದ್ದರೆ ತೊಂದರೆ ಫೋನಿನದು, ಬೇರೆ ಫೋನಿನಲ್ಲಿ ನೋಡಿ. ಚುಕ್ಕಿ ಗಟ್ಟಿಯಾಗಿ ನಿಂತು, ವೃತ್ತ ಚಿಕ್ಕದಾಗಿ, ಎರಡು ಮೂರು ಫೋನಿನಲ್ಲೂ ಪಕ್ಕದ ನಂಬರನ್ನೇ ತೋರಿಸಿದರೆ ನಕಾಶೆಯ ಗೆರೆ ಸರಿದಿದೆ ಎಂದೇ ಬಲವಾಗಿ ಊಹಿಸಬಹುದು. ಆಮೇಲೆ ನಾಲ್ಕೂ ಬದುವಿನ ಮೂಲೆಗೆ ನಡೆದು ಹೋಗಿ ಪ್ರತಿ ಮೂಲೆಯಲ್ಲೂ ಸ್ಕ್ರೀನ್‌ಶಾಟ್ ತೆಗೆಯಿರಿ. ನಾಲ್ಕರಲ್ಲೂ ಚುಕ್ಕಿ ಒಂದೇ ದಿಕ್ಕಿಗೆ, ಒಂದೇ ಅಂತರಕ್ಕೆ ಸರಿದಿದ್ದರೆ ಅದಕ್ಕಿಂತ ಸ್ಪಷ್ಟ ಪುರಾವೆ ರೈತನ ಕೈಯಲ್ಲಿ ಬೇರೆ ಇರಲಾರದು.

ಗೆರೆ ಸರಿಯುವುದು ಅಪರೂಪವಲ್ಲ. ವಿಜಯಪುರ ಜಿಲ್ಲೆ 1956ರ ತನಕ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ನಮ್ಮ ಹಳ್ಳಿಗಳ ಮೂಲ ನಕಾಶೆಗಳು ಚೈನು ಎಳೆದು ಅಳೆದು ಕಾಗದ ಬಟ್ಟೆಯ ಮೇಲೆ ಬರೆದವು. ಅವನ್ನು ಸ್ಕ್ಯಾನ್ ಮಾಡಿ ಉಪಗ್ರಹ ಚಿತ್ರದ ಮೇಲೆ ಕೂಡಿಸುವಾಗ ಹಳೆಯ ಕಾಗದದ ಮುದುಡು, ಹಿಗ್ಗು, ಮೂಲ ಅಳತೆಯ ಸಣ್ಣ ತಪ್ಪು ಎಲ್ಲವೂ ಸೇರಿ ಕೆಲವು ಮೀಟರ್ ವ್ಯತ್ಯಾಸ ಉಳಿಯುತ್ತದೆ. ಪೋಡಿ ಆಗದ, ಅಂದರೆ ಪಾಲುಗಳನ್ನು ಅಳೆದು ನಕಾಶೆಯಲ್ಲಿ ಬೇರೆ ಮಾಡದ ಹೊಲಗಳಲ್ಲಿ ತೊಂದರೆ ಇನ್ನೂ ಹೆಚ್ಚು. ಪಹಣಿಯಲ್ಲಿ ಹಿಸ್ಸಾ ಬೇರೆ ಇರುತ್ತದೆ, ನೆಲದ ಮೇಲೆ ಬದು ಬೇರೆ ಇರುತ್ತದೆ, ನಕಾಶೆಯಲ್ಲಿ ಮಾತ್ರ ಇಡೀ ಸರ್ವೆ ನಂಬರು ಒಂದೇ ತುಂಡಾಗಿರುತ್ತದೆ. ದಿಶಾಂಕ್‌ನಲ್ಲಿ ಕಾಣುವ ಗೆರೆ ಕಾನೂನಿನ ಗಡಿಯಲ್ಲ. ಬದುವಿನ ಜಗಳಕ್ಕೆ ಅದನ್ನು ಸಾಕ್ಷಿ ಮಾಡಲು ಹೋಗಬೇಡಿ. ಗಡಿ ಗೊತ್ತು ಮಾಡುವುದು ಹದ್ದುಬಸ್ತು ಅರ್ಜಿ ಕೊಟ್ಟು ಸರ್ಕಾರಿ ಭೂಮಾಪಕರಿಂದಲೇ ಆಗಬೇಕು.

ಸಮೀಕ್ಷೆಯ ಮಟ್ಟಿಗೆ ಅಷ್ಟು ದೂರ ಹೋಗಬೇಕಿಲ್ಲ. ನಿಮ್ಮ ಊರಿಗೆ ನೇಮಿಸಿದ ಖಾಸಗಿ ನಿವಾಸಿ, ಅಂದರೆ ಎಲ್ಲರೂ ‘ಪಿಆರ್’ ಎಂದು ಕರೆಯುವ ಹುಡುಗ, ಅಥವಾ ಗ್ರಾಮ ಆಡಳಿತಾಧಿಕಾರಿ, ಇಲ್ಲವೇ ರೈತ ಸಂಪರ್ಕ ಕೇಂದ್ರಕ್ಕೆ ಸ್ಕ್ರೀನ್‌ಶಾಟ್‌ಗಳ ಸಮೇತ ಹೋಗಿ. ಬಾಯಿಮಾತಿನಲ್ಲಿ ‘ಆ್ಯಪ್ ತಗೊಳ್ಳವಲ್ದು’ ಎಂದರೆ ನಾಳೆ ಬನ್ನಿ ಎಂಬ ಉತ್ತರ ಬರಬಹುದು. ಸರ್ವೆ ನಂಬರು, ದಿನಾಂಕ, ನಾಲ್ಕು ಮೂಲೆಯ ಚಿತ್ರ ಇರುವ ಒಂದು ಪುಟದ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅಪ್‌ಲೋಡ್ ಆದ ಮೇಲೆ ಬೆಳೆ ದರ್ಶಕ ಆ್ಯಪ್‌ನಲ್ಲಿ ನಿಮ್ಮ ಹೊಲಕ್ಕೆ ಯಾವ ಬೆಳೆ ದಾಖಲಾಗಿದೆ ಎಂದು ನೋಡಬಹುದು, ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು. ಇದನ್ನು ತಪ್ಪದೆ ಮಾಡಿ. ತೊಗರಿ ಇದ್ದ ಹೊಲಕ್ಕೆ ಬೇರೆ ಬೆಳೆ ಬಿದ್ದದ್ದು ಬೆಂಬಲ ಬೆಲೆಯ ಖರೀದಿ ಕೇಂದ್ರದ ಮುಂದೆ ನಿಂತಾಗ ಗೊತ್ತಾದರೆ ಆಗ ಓಡಾಡಲು ಸಮಯ ಇರುವುದಿಲ್ಲ.

ಈಗ ಚುಕ್ಕಿ ಸರಿಸುವ ಮಾತಿಗೆ ಬರುತ್ತೇನೆ. ಮಾಕ್ ಲೊಕೇಶನ್ ಆ್ಯಪ್ ಉಪಗ್ರಹವನ್ನಾಗಲಿ ಫೋನಿನ ಜಿಪಿಎಸ್ ಚಿಪ್ಪನ್ನಾಗಲಿ ಮುಟ್ಟುವುದಿಲ್ಲ. ಆಂಡ್ರಾಯ್ಡ್ ಒಳಗೆ ಡೆವಲಪರುಗಳ ಪರೀಕ್ಷೆಗೆಂದೇ ಇಟ್ಟ ಒಂದು ದಾರಿ ಇದೆ, ಅದರ ಮೂಲಕ ಅಕ್ಷಾಂಶ, ರೇಖಾಂಶ, ವೇಗ, ನಿಖರತೆ, ಸಮಯ ಇಷ್ಟನ್ನು ಬರೆದು ‘ಇದೇ ಈಗಿನ ಜಾಗ’ ಎಂದು ಕೊಡುತ್ತದೆ. ಉಳಿದ ಆ್ಯಪ್‌ಗಳು ಅದನ್ನೇ ಪಡೆಯುತ್ತವೆ. ಆದರೆ ಹೀಗೆ ಬಂದ ಪ್ರತಿ ಲೊಕೇಶನ್‌ಗೂ ಆಂಡ್ರಾಯ್ಡ್ ಒಂದು ಗುರುತು ಅಂಟಿಸಿರುತ್ತದೆ. 2013ರ ಆಂಡ್ರಾಯ್ಡ್ 4.3ರಿಂದಲೇ ಈ ಗುರುತು ಇದೆ. ಪಡೆಯುವ ಆ್ಯಪ್ ಒಂದೇ ಸಾಲಿನ ಕೋಡಿನಲ್ಲಿ ‘ಇದು ನಿಜವೋ ಮಾಕೋ’ ಎಂದು ಕೇಳಿಕೊಳ್ಳಬಹುದು. ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಯಾದ ನೀವೇ ನಿಮ್ಮ ಪ್ರಾಜೆಕ್ಟಿನಲ್ಲಿ ಅದನ್ನು ಬರೆದು ನೋಡಿ, ಐದು ನಿಮಿಷದ ಕೆಲಸ. ಗುರುತನ್ನು ಬಿಟ್ಟರೂ ಸುಳಿವುಗಳಿವೆ. ಟವರು ಬದಲಾಗಿರುವುದಿಲ್ಲ. ನಿಜವಾದ ಜಿಪಿಎಸ್ ಅಂಕಿ ನಿಂತ ಜಾಗದಲ್ಲೂ ಸ್ವಲ್ಪ ಸ್ವಲ್ಪ ಅಲುಗುತ್ತಿರುತ್ತದೆ, ಬರೆದುಕೊಟ್ಟ ಅಂಕಿ ಸಾಮಾನ್ಯವಾಗಿ ಅಲುಗುವುದಿಲ್ಲ. ಒಂದು ಕ್ಷಣ ಇಲ್ಲಿದ್ದವರು ಮರುಕ್ಷಣ ಅಲ್ಲಿರುತ್ತಾರೆ. ಇದನ್ನೆಲ್ಲ ಮರೆಮಾಚುತ್ತೇವೆ ಎಂದು ಪ್ಲೇ ಸ್ಟೋರಿನ ಹೊರಗೆ ಎಪಿಕೆ (ಆ್ಯಪ್ ಹಾಕಿಕೊಳ್ಳುವ ಕಡತ) ಹಂಚುವವರು ಇದ್ದಾರೆ. ಫೋನಿನ ಭದ್ರತೆ ಒಡೆದು ಹಾಕುವ ಆ ಎಪಿಕೆಗಳನ್ನು ಅಪ್ಪನ ಯುಪಿಐ ಇರುವ ಫೋನಿಗೆ ದಯವಿಟ್ಟು ಹತ್ತಿರ ತರಬೇಡಿ.

ಗೊತ್ತಾಗುತ್ತದೆಯೇ ಎಂಬುದಕ್ಕೆ ಇದು ಉತ್ತರ. ಆದರೆ ಗೊತ್ತಾಗದಿದ್ದರೂ ನಾನು ಬೇಡ ಎಂದೇ ಹೇಳುತ್ತಿದ್ದೆ. ಬೆಳೆ ಸಮೀಕ್ಷೆಯ ದಾಖಲೆಯ ಮೇಲೆ ಬೆಳೆ ಪರಿಹಾರ, ಫಸಲ್ ಬಿಮಾ, ಬೆಂಬಲ ಬೆಲೆಯ ಖರೀದಿ ಎಲ್ಲವೂ ನಿಂತಿವೆ. ಮಳೆ ಕೈಕೊಟ್ಟ ವರ್ಷ, ಇಲ್ಲವೇ ಅತಿಯಾದ ವರ್ಷ, ಆ ಒಂದು ಫೋಟೊ ಅಪ್ಪನ ಪರವಾಗಿ ಮಾತಾಡಬೇಕು. ಹೊಲದ ಮಧ್ಯೆ ನಿಂತು ತೆಗೆದ ಫೋಟೊದ ಜೊತೆ ‘ಮಾಕ್’ ಗುರುತಿನ ಅಂಕಿ ಹೋದರೆ, ಪರಿಶೀಲಿಸುವವರಿಗೆ ಅಪ್ಪನ ಹೊಲವೂ ಮನೆಯಲ್ಲಿ ಕೂತು ಪರರ ಬೆಳೆಯ ಫೋಟೊ ಹಾಕುವವರ ಹೊಲವೂ ಒಂದೇ ಥರ ಕಾಣುತ್ತವೆ. ಸುಳ್ಳು ಮಾಹಿತಿ ಕೊಟ್ಟು ಸರ್ಕಾರದ ಹಣ ಪಡೆದರೆ ಅದು ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನ ವಂಚನೆಯ ವ್ಯಾಪ್ತಿಗೆ ಬರುತ್ತದೆ. ಅಪ್ಪ ವಂಚಕರಲ್ಲ ಎಂದು ಸಾಬೀತು ಮಾಡುವ ಹೊರೆಯನ್ನು ಅವರ ತಲೆ ಮೇಲೆ ಯಾಕೆ ಹೊರಿಸಬೇಕು? ಇನ್ನೊಂದು ನಷ್ಟ ಸದ್ಯಕ್ಕೆ ಕಣ್ಣಿಗೆ ಬೀಳುವುದಿಲ್ಲ: ಎಲ್ಲರೂ ಚುಕ್ಕಿ ಸರಿಸಿಕೊಂಡರೆ ನಕಾಶೆ ಸರಿಯಿಲ್ಲ ಎಂಬ ದೂರೇ ಹೋಗುವುದಿಲ್ಲ. ದಾಖಲೆಯಲ್ಲಿ ಎಲ್ಲವೂ ಸರಿ ಕಾಣುತ್ತದೆ, ಗೆರೆ ಸರಿದದ್ದು ಹಾಗೇ ಉಳಿಯುತ್ತದೆ, ಮುಂದಿನ ಹಿಂಗಾರಿಗೆ ಮತ್ತೆ ಅದೇ ತೊಂದರೆ. ನೀವು ಕೊಡುವ ನಾಲ್ಕು ಮೂಲೆಯ ಅರ್ಜಿಯಿಂದ ಸುತ್ತಲಿನ ಹತ್ತು ಹೊಲಗಳಿಗೂ ಅನುಕೂಲ ಆಗಬಹುದು, ಏಕೆಂದರೆ ಗೆರೆ ಸರಿದರೆ ಒಂದೇ ಹೊಲದ್ದು ಸರಿಯುವುದು ಕಡಿಮೆ.

ಹಾಗಾದರೆ ಇಂಥ ಆ್ಯಪ್ ಇರುವುದೇ ತಪ್ಪೇ? ಖಂಡಿತ ಅಲ್ಲ. ನಿಮ್ಮ ಪ್ರಾಜೆಕ್ಟಿನಂಥ ಕೆಲಸಕ್ಕೇ ಅದು ಹುಟ್ಟಿದ್ದು, ಅಲ್ಲಿ ಅದನ್ನು ಧೈರ್ಯವಾಗಿ ಬಳಸಿ. ನಿಮ್ಮ ವಿಷಯದ ಆಯ್ಕೆ ನನಗೆ ಬಹಳ ಹಿಡಿಸಿತು. ವಿಜಯಪುರಕ್ಕೆ ಬಂದವರು ಗೋಳಗುಮ್ಮಟ ನೋಡಿ ಹಾಗೇ ಬಸ್ ಹತ್ತುತ್ತಾರೆ, ಊರಿನ ಪಶ್ಚಿಮಕ್ಕಿರುವ ಇಬ್ರಾಹಿಂ ರೋಜಾದ ತನಕ ಹೋಗುವವರು ಕಡಿಮೆ. ಬಾರಾಕಮಾನಿನ ಮುಂದೆ ನಿಂತವರ ಕಿವಿಗೆ ಅದರ ಕಥೆ ಕನ್ನಡದಲ್ಲಿ ಬಿದ್ದರೆ ಎಷ್ಟು ಚೆಂದ.

ಸರಿಯಾದ ಕ್ರಮ ಹೀಗೆ. ಸೆಟ್ಟಿಂಗ್ಸ್‌ನ ‘ಫೋನ್ ಬಗ್ಗೆ’ ಪುಟದಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆಯುತ್ತದೆ. ಶಓಮಿ ಫೋನುಗಳಲ್ಲಿ ಬಿಲ್ಡ್ ನಂಬರಿನ ಬದಲು ಓಎಸ್ ಆವೃತ್ತಿಯ ಮೇಲೆ ಒತ್ತಬೇಕು. ಅದರೊಳಗೆ ‘ಮಾಕ್ ಲೊಕೇಶನ್ ಆ್ಯಪ್ ಆಯ್ಕೆಮಾಡಿ’ ಎಂಬಲ್ಲಿ ಪ್ಲೇ ಸ್ಟೋರಿನಿಂದ ಹಾಕಿಕೊಂಡ ಆ್ಯಪ್ ಆರಿಸಿ. ನಿಮಗೆ ಇದು ಗೊತ್ತಿರುವುದೇ. ಗೊತ್ತಿಲ್ಲದೆ ಇರಬಹುದಾದದ್ದು, ಒಮ್ಮೆ ನಡೆದು ಇನ್ನೊಮ್ಮೆ ನಡೆಯದಿರಲು ಕಾರಣ. ನಿಮ್ಮ ಕೋಡು ಬಹುಶಃ ಗೂಗಲ್‌ನ ಫ್ಯೂಸ್ಡ್ ಲೊಕೇಶನ್ ಕೇಳುತ್ತಿದೆ. ಅದು ಜಿಪಿಎಸ್, ವೈಫೈ, ಟವರು, ಸೆನ್ಸರ್ ಎಲ್ಲವನ್ನೂ ಬೆರೆಸಿ ಒಂದು ಜಾಗ ಹೇಳುತ್ತದೆ. ಕೆಲವು ಮಾಕ್ ಆ್ಯಪ್‌ಗಳು ಜಿಪಿಎಸ್ ದಾರಿಯಲ್ಲಿ ಮಾತ್ರ ಅಂಕಿ ಕೊಡುತ್ತವೆ. ಆಗ ಜಿಪಿಎಸ್ ‘ಗೋಳಗುಮ್ಮಟ’ ಎನ್ನುತ್ತದೆ, ಹಾಸ್ಟೆಲಿನ ವೈಫೈ ‘ಹಾಸ್ಟೆಲ್’ ಎನ್ನುತ್ತದೆ, ಚುಕ್ಕಿ ಎರಡರ ನಡುವೆ ಹಾರಾಡುತ್ತದೆ. ಪರೀಕ್ಷೆಯ ವೇಳೆ ವೈಫೈ ಸ್ಕ್ಯಾನಿಂಗ್ ಆಫ್ ಮಾಡಿ ನೋಡಿ. ಅದಕ್ಕಿಂತ ಒಳ್ಳೆಯದು, ಫ್ಯೂಸ್ಡ್ ಲೊಕೇಶನ್‌ಗೇ ಇರುವ ಮಾಕ್ ಮೋಡನ್ನು ನಿಮ್ಮ ಪರೀಕ್ಷೆಯ ಕೋಡಿನಲ್ಲಿ ಬಳಸಿ. ಮಾಕ್ ಆ್ಯಪ್ ಹಿನ್ನೆಲೆಗೆ ಹೋದಾಗ ಬ್ಯಾಟರಿ ಸೇವರ್ ಅದನ್ನು ನಿಲ್ಲಿಸುವುದೂ ಉಂಟು, ಅದಕ್ಕೆ ಆ ನಿರ್ಬಂಧದಿಂದ ವಿನಾಯಿತಿ ಕೊಡಿ.

ಎರಡನೆಯ ಕಾರಣ ಜಿಯೊಫೆನ್ಸ್, ಅಂದರೆ ಸ್ಮಾರಕದ ಸುತ್ತ ಆ್ಯಪ್ ನಕಾಶೆಯಲ್ಲಿ ಹಾಕಿಕೊಳ್ಳುವ, ಕಣ್ಣಿಗೆ ಕಾಣದ ವೃತ್ತದ ಬೇಲಿ. ಹಿನ್ನೆಲೆಯಲ್ಲಿರುವ ಆ್ಯಪ್‌ಗೆ ‘ಒಳಗೆ ಬಂದರು’ ಎಂಬ ಸುದ್ದಿ ಮುಟ್ಟಲು ಎರಡು ಮೂರು ನಿಮಿಷ ಹಿಡಿಯಬಹುದು. 2017ರ ಆಂಡ್ರಾಯ್ಡ್ 8ರಿಂದ ಹಿನ್ನೆಲೆಯ ಲೊಕೇಶನ್ ಮೇಲೆ ಬಿಗಿ ಮಿತಿಗಳಿವೆ. ನೀವು ಮಾಕ್ ಆ್ಯಪ್‌ನಲ್ಲಿ ಗೋಳಗುಮ್ಮಟದಿಂದ ಜುಮ್ಮಾ ಮಸೀದಿಗೆ ಒಂದೇ ಜಿಗಿತ ಹಾಕಿಸಿ, ಅರ್ಧ ನಿಮಿಷಕ್ಕೆ ಮುಂದಿನ ಜಾಗಕ್ಕೆ ಜಿಗಿಸಿದರೆ ಜಿಯೊಫೆನ್ಸ್ ಎಚ್ಚರಗೊಳ್ಳುವ ಮೊದಲೇ ನೀವು ದಾಟಿ ಹೋಗಿರುತ್ತೀರಿ. ಮನುಷ್ಯ ನಡೆಯುವ ಹಾಗೆ ನಡೆಸಿ, ಗಂಟೆಗೆ 4–5 ಕಿ.ಮೀ. ವೃತ್ತದ ತ್ರಿಜ್ಯ 100ರಿಂದ 150 ಮೀಟರಿಗಿಂತ ಚಿಕ್ಕದು ಬೇಡ ಎಂಬುದು ಆಂಡ್ರಾಯ್ಡ್‌ನದೇ ಸಲಹೆ. ಇದು ವಿಜಯಪುರದಲ್ಲಿ ನಿಮಗೆ ನಿಜವಾದ ತಲೆನೋವು ತರಲಿದೆ: ಮಲಿಕ್-ಎ-ಮೈದಾನ್ ತೋಪು ಮತ್ತು ಉಪ್ಪಲಿ ಬುರುಜು ಹತ್ತಿರ ಹತ್ತಿರವೇ ಇವೆ, ಅಷ್ಟಷ್ಟು ದೊಡ್ಡ ವೃತ್ತಗಳು ಒಂದರ ಮೇಲೊಂದು ಬೀಳಬಹುದು. ಅಲ್ಲಿ ಎರಡಕ್ಕೂ ಸೇರಿ ಒಂದೇ ವೃತ್ತ ಇಟ್ಟು, ಒಳಗೆ ಬಂದ ಮೇಲೆ ಆ್ಯಪ್ ತೆರೆದಿರುವಾಗ ದೂರ ಅಳೆದು ಯಾವುದು ಹತ್ತಿರವೋ ಅದರ ಕಥೆ ಹೇಳಿಸಿ.

ಎಮ್ಯುಲೇಟರ್, ಅಂದರೆ ಕಂಪ್ಯೂಟರಿನೊಳಗೇ ಓಡುವ ನಕಲಿ ಫೋನು, ಬಳಸಿದರೆ ಫೋನಿನ ಅನೇಕ ತಾಪತ್ರಯ ತಪ್ಪುತ್ತವೆ. ಆಂಡ್ರಾಯ್ಡ್ ಸ್ಟುಡಿಯೊದ ಎಮ್ಯುಲೇಟರಿನಲ್ಲಿ ಲೊಕೇಶನ್ ಪುಟ ಇದೆ, ಅದರಲ್ಲಿ ದಾರಿಯ ಅಂಕಿಗಳನ್ನು ಬರೆದಿಡುವ ಜಿಪಿಎಕ್ಸ್ ಅಥವಾ ಕೆಎಂಎಲ್ ಕಡತ ಹಾಕಿ ಇಡೀ ದಾರಿಯನ್ನು ಬೇಕಾದ ವೇಗದಲ್ಲಿ ಓಡಿಸಬಹುದು. ಇಲ್ಲಿ ಒಂದು ಅಂಶಕ್ಕೆ ಕಣ್ಣಿಡಿ. ಜಿಪಿಎಕ್ಸ್‌ನಲ್ಲಿ ಅಕ್ಷಾಂಶ, ರೇಖಾಂಶ ತಮ್ಮ ತಮ್ಮ ಹೆಸರಿನೊಡನೆ ಬರುತ್ತವೆ, ಗೊಂದಲ ಇಲ್ಲ. ಕೆಎಂಎಲ್‌ನಲ್ಲಿ ರೇಖಾಂಶ ಮೊದಲು. ಎಮ್ಯುಲೇಟರ್ ಕನ್ಸೋಲಿನ ‘ಜಿಯೊ ಫಿಕ್ಸ್’ ಆದೇಶದಲ್ಲೂ ರೇಖಾಂಶವೇ ಮೊದಲು. ಗೋಳಗುಮ್ಮಟ ಸುಮಾರು 16.830 ಉತ್ತರ, 75.736 ಪೂರ್ವದಲ್ಲಿದೆ. ಇವೆರಡನ್ನು ಅದಲು ಬದಲು ಮಾಡಿದರೆ ನಿಮ್ಮ ಪ್ರವಾಸಿ ನಾರ್ವೆಗೂ ಉತ್ತರಕ್ಕೆ, ಸ್ವಾಲ್ಬಾರ್ಡ್ ದ್ವೀಪಗಳ ದಕ್ಷಿಣದ ಕಡಲಿನಲ್ಲಿ ಇರುತ್ತಾನೆ. ಎಮ್ಯುಲೇಟರ್ ಯಾವ ದೋಷವನ್ನೂ ತೋರಿಸುವುದಿಲ್ಲ, ಏಕೆಂದರೆ ಅಂಕಿಗಳು ಕ್ರಮಬದ್ಧವಾಗಿಯೇ ಇವೆ. ದಶಾಂಶದ ಲೆಕ್ಕವೂ ಮುಖ್ಯ. ಒಂದು ಡಿಗ್ರಿ ಅಕ್ಷಾಂಶ ಸುಮಾರು 111 ಕಿ.ಮೀ. ಮೂರನೆಯ ದಶಾಂಶ ಸ್ಥಾನದಲ್ಲಿ ಒಂದು ಅಂಕಿ ಬದಲಾದರೆ 111 ಮೀಟರ್, ಐದನೆಯದರಲ್ಲಿ ಒಂದು ಮೀಟರಿನಷ್ಟು. ಸ್ಮಾರಕಗಳ ಜಾಗವನ್ನು ಐದು ದಶಾಂಶದ ತನಕ ಬರೆದಿಡಿ.

ಇಷ್ಟೆಲ್ಲ ಆದ ಮೇಲೂ ಮಾಕ್ ಪರೀಕ್ಷೆ ತೋರಿಸಲಾಗದ ಸಂಗತಿಗಳಿವೆ. ಗೋಳಗುಮ್ಮಟದ ಗೋಡೆಗಳು ಸುಮಾರು 3 ಮೀಟರ್ ದಪ್ಪ, ಮೇಲೆ ಸುಮಾರು 44 ಮೀಟರ್ ವ್ಯಾಸದ ಗುಮ್ಮಟ. ಒಳಗೆ ಹೆಜ್ಜೆ ಇಟ್ಟ ಪ್ರವಾಸಿಯ ಫೋನಿಗೆ ಉಪಗ್ರಹದ ಸಂಕೇತ ಸರಿಯಾಗಿ ಸಿಗುವುದಿಲ್ಲ. ಚುಕ್ಕಿ ಹೊರಗೆ ಹುಲ್ಲುಹಾಸಿನ ಮೇಲೆಲ್ಲೋ ಅಲೆದಾಡುತ್ತದೆ, ಜಿಯೊಫೆನ್ಸ್ ‘ಹೊರಗೆ ಹೋದರು’ ಎಂದು ತಿಳಿದು ಕಥೆಯನ್ನು ನಡುವೆಯೇ ನಿಲ್ಲಿಸಬಹುದು. ಪಿಸುಗುಟ್ಟುವ ಗ್ಯಾಲರಿಯ ಬಗ್ಗೆ ಹೇಳಬೇಕಾದ ಹೊತ್ತಿಗೇ ಧ್ವನಿ ನಿಂತರೆ ಕೇಳುವವರಿಗೆ ಬೇಸರ. ಆದ್ದರಿಂದ ಹೊರಗೆ ಹೋದ ಸುದ್ದಿ ಬಂದರೂ ಶುರುವಾದ ಕಥೆ ಮುಗಿಯುವ ತನಕ ನಡೆಯಲಿ. ಮಾಕ್ ಆ್ಯಪ್‌ನಲ್ಲಿ ಅಂಕಿಗಳ ಜೊತೆ ನಿಖರತೆಯನ್ನೂ ಬದಲಿಸಲು ಬಂದರೆ 5 ಮೀಟರಿನಿಂದ 60 ಮೀಟರಿಗೆ ಕೆಡಿಸಿ ನೋಡಿ, ಚುಕ್ಕಿಯನ್ನು ಬೇಕೆಂದೇ ಅಲುಗಿಸಿ. ಎಲ್ಲವೂ ಸರಿಯಾಗಿದ್ದಾಗ ನಡೆಯುವ ಆ್ಯಪ್ ಯಾರಾದರೂ ಮಾಡಬಹುದು, ಅಂಕಿ ಕೆಟ್ಟಾಗಲೂ ನಡೆದರೆ ಅದು ಪ್ರವಾಸಿಗೆ ಉಪಯೋಗಕ್ಕೆ ಬರುತ್ತದೆ. ಕೊನೆಗೆ ಒಂದು ದಿನ ಬೆಳಿಗ್ಗೆ ಎಲ್ಲರೂ ಸೇರಿ ಬೇರೆ ಬೇರೆ ಕಂಪನಿಯ ಫೋನು ಹಿಡಿದು ಪೂರ್ತಿ ದಾರಿ ನಡೆದು ನೋಡಿ.

ಗುಂಪಿನಲ್ಲಿ ಯಾರ ಬಳಿಯಾದರೂ ಐಫೋನ್ ಇದ್ದರೆ, ಅದರ ಸೆಟ್ಟಿಂಗ್ಸ್‌ನಲ್ಲಿ ಇಂಥ ಆಯ್ಕೆ ಇಲ್ಲ. ಮ್ಯಾಕ್ ಕಂಪ್ಯೂಟರಿನ ಎಕ್ಸ್‌ಕೋಡ್ (ಆ್ಯಪ್ ತಯಾರಿಸುವ ತಂತ್ರಾಂಶ) ಮೂಲಕ ಜಿಪಿಎಕ್ಸ್ ಕಡತ ಕೊಟ್ಟು ಮಾಡಬೇಕು, ಐಓಎಸ್ 16ರಿಂದ ಡೆವಲಪರ್ ಮೋಡ್ ಆನ್ ಮಾಡಿರಬೇಕು. ಇನ್ನು ವಿಪಿಎನ್ ಹಾಕಿದರೆ ಲೊಕೇಶನ್ ಬದಲಾಗುತ್ತದೆ ಎಂದು ಯಾರಾದರೂ ಹೇಳಿದರೆ, ಅದು ಬದಲಿಸುವುದು ಇಂಟರ್ನೆಟ್ ವಿಳಾಸವನ್ನು ಮಾತ್ರ. ಜಿಪಿಎಸ್ ಅಂಕಿ ಇದ್ದಲ್ಲೇ ಇರುತ್ತದೆ.

ಬ್ಯಾಂಕಿನ ಆ್ಯಪ್ ತೆರೆಯದಿರುವುದಕ್ಕೆ ಕಾರಣ ಹೆಚ್ಚು ಕಡಿಮೆ ಖಚಿತ: ಡೆವಲಪರ್ ಆಪ್ಷನ್ಸ್ ಅಥವಾ ಯುಎಸ್‌ಬಿ ಡೀಬಗ್ಗಿಂಗ್ ಆನ್ ಇದ್ದರೆ ಕೆಲವು ಬ್ಯಾಂಕುಗಳ ಆ್ಯಪ್‌ಗಳು ತೆರೆಯುವುದಿಲ್ಲ. ಭದ್ರತೆಗಾಗಿ ಹಾಗೆ ಮಾಡುತ್ತಾರೆ, ಅದು ಸರಿಯೂ ಹೌದು. ಪ್ರತಿ ಪರೀಕ್ಷೆ ಮುಗಿದ ಮೇಲೆ ಮೊದಲು ಮಾಕ್ ಆ್ಯಪ್‌ನಲ್ಲಿ ನಿಲ್ಲಿಸುವ ಗುಂಡಿ ಒತ್ತಿ. ಆಮೇಲೆ ಡೆವಲಪರ್ ಆಪ್ಷನ್ಸ್‌ನಲ್ಲಿ ಮಾಕ್ ಆ್ಯಪ್ ಜಾಗದಲ್ಲಿ ‘ಯಾವುದೂ ಇಲ್ಲ’ ಇಟ್ಟು, ಡೆವಲಪರ್ ಆಪ್ಷನ್ಸನ್ನೇ ಆಫ್ ಮಾಡಿ. ಇದೇ ಕ್ರಮದಲ್ಲಿ ಮಾಡಿ. ನಿಲ್ಲಿಸದೆ ಆ್ಯಪ್ ಅಳಿಸಿದರೆ ಕೆಲವು ಫೋನುಗಳಲ್ಲಿ ಕೊನೆಯ ಸುಳ್ಳು ಜಾಗ ಹಾಗೇ ಅಂಟಿಕೊಂಡಿರುತ್ತದೆ. ಆಗ ಫೋನು ರೀಸ್ಟಾರ್ಟ್ ಮಾಡಿ, ಲೊಕೇಶನ್ ಆಫ್ ಮಾಡಿ ಆನ್ ಮಾಡಿ, ಬಯಲಿನಲ್ಲಿ ಸ್ವಲ್ಪ ಹೊತ್ತು ಮ್ಯಾಪ್ಸ್ ತೆರೆದಿಡಿ. ಮಾಕ್ ಆನ್ ಇರುವಷ್ಟೂ ಹೊತ್ತು ಆ ಫೋನಿನ ಎಲ್ಲ ಆ್ಯಪ್‌ಗಳಿಗೂ ಸುಳ್ಳು ಜಾಗವೇ ಹೋಗುತ್ತದೆ ಎಂಬುದನ್ನು ಮರೆಯಬೇಡಿ. ಮನೆಯವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಲೈವ್ ಲೊಕೇಶನ್, ಕಳುವಾದ ಫೋನು ಹುಡುಕುವ ಸೇವೆ, ತುರ್ತಿನಲ್ಲಿ 112 ಆ್ಯಪ್ ಕಳಿಸುವ ಜಾಗ ಎಲ್ಲವೂ ಇದರಲ್ಲಿ ಬಂತು. ರಾತ್ರಿ ಹೊತ್ತು ಇಂಡಿ ರಸ್ತೆಯಲ್ಲಿ ಬೈಕ್ ಬಿದ್ದು ಆ್ಯಪ್‌ನ ಗುಂಡಿ ಒತ್ತಿದವರ ಜಾಗ ಗೋಳಗುಮ್ಮಟ ಎಂದು ಹೋದರೆ ಏನು ಗತಿ ಎಂದು ಯೋಚಿಸಿ. ಸಾಧ್ಯವಿದ್ದರೆ ಪರೀಕ್ಷೆಗೆ ಸಿಮ್ ಇಲ್ಲದ ಹಳೆಯ ಫೋನೊಂದನ್ನು ಬೇರೆಯೇ ಇಡಿ.

ಸಮೀಕ್ಷೆಗೆ ಅಪ್ಪ ಒಯ್ಯುವ ಫೋನು ನಿಮ್ಮ ಇದೇ ಪರೀಕ್ಷೆಯ ಫೋನಾಗಿದ್ದರೆ ಮೊದಲು ಇಷ್ಟನ್ನು ಮಾಡಿ ಕೊಡಿ. ಮಾಕ್ ಆ್ಯಪ್ ನಿಲ್ಲದೆ ಹಿನ್ನೆಲೆಯಲ್ಲಿ ಓಡುತ್ತಿದ್ದರೆ ಹೊಲದ ನಡುವೆ ನಿಂತವರನ್ನು ‘ಹೊರಗಿದ್ದೀರಿ’ ಎನ್ನಲು ಅದೊಂದೇ ಕಾರಣ ಸಾಕು. ಎರಡೂ ತೊಂದರೆ ಜೊತೆಜೊತೆಗೆ ಬಂದಿವೆ ಎಂದು ನೀವೇ ಬರೆದಿದ್ದೀರಿ. ನಕಾಶೆಯ ಮೇಲೆ ಸಂಶಯ ಪಡುವ ಮುಂಚೆ ಇದನ್ನು ನೋಡಿಕೊಳ್ಳಿ.